ನೆದರ್ಲೆಂಡ್ಸ್‌ನ ಜಾಂಡ್‌ಫೋರ್ಟ್‌ನಲ್ಲಿ ಮನೆ ಸಿಗುವುದು ಯಾಕಿಷ್ಟು ಕಷ್ಟ?

ಊರು ಬೆಳೆಯಲು ಜಾಗವೇ ಇಲ್ಲ, ಅದೇ ಮುಖ್ಯ ಕಾರಣ. ಈ ಕಡಲೂರಿನ ಪಶ್ಚಿಮಕ್ಕೆ ಉತ್ತರ ಸಮುದ್ರ, ಉಳಿದ ಕಡೆಯೆಲ್ಲ ಮರಳ ದಿಬ್ಬಗಳು. ನೋಡಿದರೆ ಖಾಲಿ ಬಿದ್ದ ಜಾಗ ಅನ್ನಿಸುತ್ತದೆ. ಆದರೆ ಆ ದಿಬ್ಬಗಳೇ ತಗ್ಗಿನ ಒಳನಾಡನ್ನು ಕಡಲಿನಿಂದ ಕಾಯುವ ಗೋಡೆ. ದಕ್ಷಿಣದ ದಿಬ್ಬಗಳಂತೂ 1853ರಿಂದ ಆಮ್‌ಸ್ಟರ್‌ಡ್ಯಾಮಿಗೆ ಕುಡಿಯುವ ನೀರು ಕೊಡುತ್ತಿವೆ. ಈಗ ರೈನ್ ನದಿಯ ನೀರನ್ನು ತಂದು ಅಲ್ಲಿನ ಕಾಲುವೆಗಳಿಗೆ ಬಿಡುತ್ತಾರೆ. ಅದು ಮರಳಲ್ಲಿ ಇಂಗಿ, ಸೋಸಿಕೊಂಡು ಬರುತ್ತದೆ. ಅಂಥ ನೆಲದ ಮೇಲೆ ಮನೆ ಕಟ್ಟುವಂತಿಲ್ಲ, ಕಟ್ಟಲೂಬಾರದು.

ಹಾಗಾಗಿ ಇರುವ ಮನೆಗಳಿಗೇ ಪೈಪೋಟಿ. ರೈಲು ಹತ್ತಿದರೆ ಅರ್ಧ ಗಂಟೆಯಲ್ಲಿ ಆಮ್‌ಸ್ಟರ್‌ಡ್ಯಾಮ್. ಅಲ್ಲಿ ದುಡಿಯುವವರು, ರಜೆಗೆ ಬರುವವರು, ಇಲ್ಲೇ ಹುಟ್ಟಿ ಬೆಳೆದವರು ಎಲ್ಲರಿಗೂ ಅವೇ ಮನೆಗಳ ಮೇಲೆ ಕಣ್ಣು. ಕಡಿಮೆ ಬಾಡಿಗೆಯ ಮನೆ ಬೇಕೆಂದರೆ ಹೆಸರು ಬರೆಸಿ ವರ್ಷಗಟ್ಟಲೆ ಕಾಯಬೇಕು. ಇದರಲ್ಲಿ ಹೆಚ್ಚು ಸೋಲುವವರು ಊರಿನ ಮಕ್ಕಳೇ ಎಂಬುದು ನನಗೆ ನೋವಿನ ಸಂಗತಿ.

ದಂಡೆಯ ಎತ್ತರದ ಫ್ಲ್ಯಾಟುಗಳು ಯುದ್ಧದ ನಂತರದವು. ಎರಡನೇ ಮಹಾಯುದ್ಧದಲ್ಲಿ ಜರ್ಮನ್ ಸೇನೆ ತನ್ನ ರಕ್ಷಣಾ ಸಾಲಿಗಾಗಿ ಅಲ್ಲಿದ್ದ ಮನೆ, ಹೋಟೆಲುಗಳನ್ನು ಕೆಡವಿತ್ತು. ಗಾಳಿ ಜೋರಾದ ದಿನ ಈ ಫ್ಲ್ಯಾಟುಗಳ ಕಿಟಕಿ ಗಾಜಿಗೆ ಉಪ್ಪಿನ ಮಬ್ಬು, ಹೊಸ್ತಿಲಲ್ಲಿ ಮರಳು.