ಗೊಬ್ಬರ ಒಲ್ಲದ ಕೆಂಪು ಬ್ಯಾಂಕ್ಸಿಯಾ

ಪ್ರಶ್ನೆ: ನನ್ನ ಮಗ ಪಶ್ಚಿಮ ಆಸ್ಟ್ರೇಲಿಯದ ಆಲ್ಬನಿಯಲ್ಲಿದ್ದಾನೆ. ಅಲ್ಲಿನ ಕಾಡುಗಿಡವಾದ ಸ್ಕಾರ್ಲೆಟ್ ಬ್ಯಾಂಕ್ಸಿಯಾವನ್ನು ನರ್ಸರಿಯಿಂದ ತಂದು ಅಂಗಳದಲ್ಲಿ ನೆಟ್ಟಿದ್ದ. ನಾನು ಹೋಗಿದ್ದಾಗ ಬುಡದಲ್ಲಿ ಬರೀ ಬಿಳಿ ಮರಳಿರುವುದನ್ನು ಕಂಡು ಕೋಳಿಗೊಬ್ಬರವನ್ನೂ ಸೂಪರ್ ಫಾಸ್ಫೇಟನ್ನೂ ಹಾಕಿಸಿದೆ. ಕೆಲವೇ ವಾರಗಳಲ್ಲಿ ಎಲೆಗಳ ಅಂಚು ಸುಟ್ಟಂತಾಗಿ ಗಿಡ ಒಣಗಿಹೋಯಿತು. ಕಾರಣವೇನು? ಇದರ ಬೀಜ ತಂದು ನಮ್ಮ ತೋಟದಲ್ಲಿ ಬೆಳೆಸಬಹುದೇ?
– ಅಡಿಕೆ ಬೆಳೆಗಾರರೊಬ್ಬರು, ತೀರ್ಥಹಳ್ಳಿ

ಉತ್ತರ: ತಾವು ಹೇಳಿರುವ ಲಕ್ಷಣಗಳನ್ನು ನೋಡಿದರೆ ಗಿಡ ಸತ್ತದ್ದು ಆ ಗೊಬ್ಬರಗಳಲ್ಲಿರುವ ರಂಜಕ (ಫಾಸ್ಫರಸ್) ಅತಿಯಾದುದರಿಂದಲೇ ಎನಿಸುತ್ತದೆ. ಆಸ್ಟ್ರೇಲಿಯದ ನೈಋತ್ಯ ಮೂಲೆಯ ಮರಳು ಬಯಲುಗಳು ಬಹು ಪ್ರಾಚೀನವಾದವು. ಹೊಸ ಬಂಡೆ ಪುಡಿಯಾಗಿ ಸೇರದೆ, ಲಕ್ಷಾಂತರ ವರ್ಷಗಳ ಮಳೆಗೆ ಸಾರವೆಲ್ಲ ತೊಳೆದುಹೋಗಿ, ಅಲ್ಲಿ ಉಳಿದಿರುವ ರಂಜಕ ಅತ್ಯಲ್ಪ. ಅಷ್ಟನ್ನೇ ಹೀರಿ ಬದುಕಲು ಬ್ಯಾಂಕ್ಸಿಯಾ ಮಳೆಗಾಲದಲ್ಲಿ, ಅಂದರೆ ಅಲ್ಲಿನ ಚಳಿಗಾಲದಲ್ಲಿ, ಮೇಲ್ಮಣ್ಣಿನಲ್ಲೇ ವಿಶೇಷ ಬೇರುಗಳನ್ನು ಬಿಡುತ್ತದೆ. ಬಾಟಲಿ ತೊಳೆಯುವ ಬ್ರಷ್ಷಿನ ಕೂದಲಿನಂತೆ ಒತ್ತೊತ್ತಾಗಿರುವ ಈ ಕಿರುಬೇರುಗಳು ಕೆಲವೇ ವಾರ ಬದುಕಿ, ಸಿಟ್ರೇಟ್‌ನಂತಹ ಆಮ್ಲಾಂಶಗಳನ್ನು ಸ್ರವಿಸಿ, ಮಣ್ಣಿನ ಕಣಗಳಿಗೆ ಅಂಟಿಕೊಂಡ ರಂಜಕವನ್ನು ಬಿಡಿಸಿಕೊಳ್ಳುತ್ತವೆ. ಸಿಕ್ಕಿದ್ದನ್ನು ಬಿಡದೆ ಹೀರುವುದಕ್ಕೆ ಒಗ್ಗಿದ ಗಿಡಕ್ಕೆ ಸಾಕೆಂದು ನಿಲ್ಲಿಸುವುದು ಸಾಧ್ಯವಾಗುವುದಿಲ್ಲ. ಆದ್ದರಿಂದ ಅಡಿಕೆಗೆ ಪೋಷಣೆಯಾಗುವ ಗೊಬ್ಬರ ಇದಕ್ಕೆ ವಿಷವಾಗುತ್ತದೆ.

ಬ್ಯಾಂಕ್ಸಿಯಾ ಕಾಕ್ಸಿನಿಯಾ ಎಂಬ ಈ ಪ್ರಭೇದವನ್ನು ಸಸ್ಯವಿಜ್ಞಾನಿ ರಾಬರ್ಟ್ ಬ್ರೌನ್ 1801ರ ಡಿಸೆಂಬರಿನಲ್ಲಿ, ಈಗಿನ ಆಲ್ಬನಿಯ ಬಳಿಯ ಕಿಂಗ್ ಜಾರ್ಜ್ ಸೌಂಡ್‌ನಲ್ಲಿ ಸಂಗ್ರಹಿಸಿ, 1810ರಲ್ಲಿ ಹೆಸರಿಸಿ ಪ್ರಕಟಿಸಿದರು. ಇದರ ಹೂಗೊಂಚಲನ್ನು ಹತ್ತಿರದಿಂದ ನೋಡಬೇಕು. ಎತ್ತರಕ್ಕಿಂತ ಅಗಲವೇ ಹೆಚ್ಚಾದ ಗಿಡ್ಡ ಗೊಂಚಲಿನಲ್ಲಿ ನೂರಾರು ಪುಟ್ಟ ಹೂಗಳು ಜೋಡಿಜೋಡಿಯಾಗಿ, ಮೇಲಿನಿಂದ ಕೆಳಕ್ಕೆ ನೇರ ಸಾಲುಗಳಲ್ಲಿ ನಿಂತಿರುತ್ತವೆ. ಹೂವಿನ ಹೊದಿಕೆ ಬೂದುಬಣ್ಣದ ರೋಮಗಳಿಂದ ಕೂಡಿದ್ದು, ಕೆಂಪೆಲ್ಲ ಇರುವುದು ಅದರೊಳಗಿಂದ ಬಾಗಿ ಹೊರಬರುವ ಶಲಾಕೆಗಳಲ್ಲಿ, ಅಂದರೆ ಹೂವಿನ ಹೆಣ್ಣುಭಾಗದ ನೀಳ ಕಡ್ಡಿಗಳಲ್ಲಿ. ಹೀಗಾಗಿ ಕಡುಗೆಂಪು ಸಾಲುಗಳ ನಡುವೆ ಬೂದು ಪಟ್ಟೆಗಳು ಸ್ಪಷ್ಟವಾಗಿ ಕಾಣುತ್ತವೆ. ಮಕರಂದಕ್ಕಾಗಿ ಹಕ್ಕಿಗಳಷ್ಟೇ ಅಲ್ಲದೆ, ಸುಮಾರು 10 ಗ್ರಾಂ ತೂಗುವ, ಮಕರಂದ ಮತ್ತು ಪರಾಗವನ್ನೇ ಉಂಡು ಬದುಕುವ ಹನಿ ಪಾಸಮ್ ಎಂಬ ಚೀಲಹೊಟ್ಟೆಯ ಪ್ರಾಣಿಯೂ ಬರುತ್ತದೆ. ಇಂತಹ ಅತಿಥಿಯನ್ನು ಸಾಕುವ ಗಿಡ ಬೇರೆಲ್ಲೂ ಇಷ್ಟು ಸಲೀಸಾಗಿ ಸಿಗಲಾರದು.

ಕಾಡಿನಲ್ಲಿ ಇದಕ್ಕಿರುವ ದೊಡ್ಡ ಗಂಡಾಂತರ ತಮಗೆ ಚೆನ್ನಾಗಿ ಅರ್ಥವಾಗುವಂಥದ್ದು. ನಮ್ಮ ಅಡಿಕೆಯ ಕೊಳೆರೋಗಕ್ಕೂ ಕಾಳುಮೆಣಸಿನ ಶೀಘ್ರ ಸೊರಗು ರೋಗಕ್ಕೂ ಕಾರಣವಾದ, ಶಿಲೀಂಧ್ರವನ್ನು ಹೋಲುವ ಸೂಕ್ಷ್ಮಜೀವಿಗಳ ಫೈಟಾಫ್ಥೊರಾ ಕುಲದ್ದೇ ಆದ ಫೈಟಾಫ್ಥೊರಾ ಸಿನ್ನಮೋಮಿ ಅಲ್ಲಿ ಬೇರು ಕೊಳೆಸುತ್ತದೆ. ಸ್ಕಾರ್ಲೆಟ್ ಬ್ಯಾಂಕ್ಸಿಯಾ ಇದಕ್ಕೆ ಬಹುಬೇಗ ತುತ್ತಾಗುತ್ತದೆ. ಬೂಟು, ಚಕ್ರಗಳಿಗೆ ಅಂಟಿದ ಒದ್ದೆಮಣ್ಣಿನಲ್ಲಿ ರೋಗ ಹರಡುವುದರಿಂದ, ಅಲ್ಲಿನ ರಾಷ್ಟ್ರೀಯ ಉದ್ಯಾನಗಳಿಗೆ ಹೋಗುವವರು ಪಾದರಕ್ಷೆಯ ಮಣ್ಣನ್ನು ಉಜ್ಜಿ ತೆಗೆದೇ ಒಳಹೋಗಬೇಕು. ತಾವು ಮತ್ತೆ ಹೋದಾಗ ಇದನ್ನು ದಯವಿಟ್ಟು ತಪ್ಪಿಸಬೇಡಿ. ಬೆಂಕಿಗೂ ಈ ಗಿಡ ಸಾಯುತ್ತದೆ, ಚಿಗುರುವುದಿಲ್ಲ. ಬೀಜದಿಂದ ಹುಟ್ಟಿದ ಸಸಿಗಳು ಕಾಯಿ ಬಿಡುವ ಮೊದಲೇ ಮತ್ತೊಮ್ಮೆ ಬೆಂಕಿ ಬಿದ್ದರೆ ಆ ಜಾಗದಲ್ಲಿ ಸಂತತಿ ನಶಿಸುತ್ತದೆ.

ಬೀಜ ತರುವ ವಿಚಾರ ಬಿಡುವುದು ಒಳ್ಳೆಯದು. ಅಲ್ಲಿನ ಸರ್ಕಾರಿ ಭೂಮಿಯಿಂದ ಬೀಜ ಸಂಗ್ರಹಿಸಲು ಪರವಾನಗಿ ಬೇಕು. ಭಾರತಕ್ಕೆ ಬಿತ್ತನೆಗಾಗಿ ತರಲು ಆಮದು ಅನುಮತಿಯೂ ಸಸ್ಯ ಆರೋಗ್ಯ ಪ್ರಮಾಣಪತ್ರವೂ ಬೇಕು. ಇಷ್ಟೆಲ್ಲ ಮಾಡಿದರೂ, ಚಳಿಗಾಲದ ಮಳೆಗೂ ಒಣ ಬೇಸಿಗೆಗೂ ಒಗ್ಗಿದ ಬೇರು ಮಲೆನಾಡಿನ ಬೆಚ್ಚಗಿನ, ತೊಯ್ದ ಮಣ್ಣಿನಲ್ಲಿ ಉಳಿಯುವ ಭರವಸೆ ನನಗಿಲ್ಲ. ಕೊಡಗು, ಚಿಕ್ಕಮಗಳೂರುಗಳ ಕಾಫಿ ತೋಟಗಳಲ್ಲಿ ಮೆಣಸಿನ ಬಳ್ಳಿ ಹಬ್ಬಿಸುವ ಸಿಲ್ವರ್ ಓಕ್ ಕೂಡ ಪ್ರೋಟಿಯೇಸಿ ಎಂಬ ಇದೇ ಕುಟುಂಬದ ಆಸ್ಟ್ರೇಲಿಯದ ಮರ. ಅದು ಬಂದದ್ದು ಬೇಸಿಗೆಯಲ್ಲಿ ಮಳೆ ಬೀಳುವ ಪೂರ್ವ ಕರಾವಳಿಯ ಕಡೆಯಿಂದ, ಆದ್ದರಿಂದ ನಮ್ಮಲ್ಲಿ ಒಗ್ಗಿತು.

ತಮ್ಮ ಮಗ ಮತ್ತೊಂದು ಗಿಡ ನೆಡುವುದಾದರೆ ಗೊಬ್ಬರ ಬಿದ್ದ ಆ ಜಾಗವನ್ನು ಬಿಟ್ಟು, ನೀರು ನಿಲ್ಲದಂತೆ ಮರಳಿನ ದಿಬ್ಬ ಮಾಡಿ, ಬಿಸಿಲು ಬೀಳುವೆಡೆ ನೆಡಲಿ. ಮೊದಲ ಬೇಸಿಗೆಯಲ್ಲಿ ಮಾತ್ರ ಆಗಾಗ ನೀರು ಕೊಟ್ಟರೆ ಸಾಕು. ಬುಡವನ್ನು ಅಗೆಯಕೂಡದು, ಏಕೆಂದರೆ ಆ ಕಿರುಬೇರುಗಳು ಮೇಲ್ಪದರದಲ್ಲೇ ಇರುತ್ತವೆ.