ಯಾರೂ ನುಡಿಸದ ಸ್ವರ: ಫ್ಲೂಟ್ ಮೇಳಗಳ ಕುರಿತು ಓದುಗರ ಪ್ರಶ್ನೆಗಳು

ಬೇರೆ ಯಾವ ವಾದ್ಯದ ಜೊತೆಯೂ ಇಲ್ಲದೆ, ಬರಿಯ ಫ್ಲೂಟ್‌ಗಳಿಗಾಗಿಯೇ ನಮ್ಮ ಕಾಲದ ಪಾಶ್ಚಾತ್ಯ ಶಾಸ್ತ್ರೀಯ ರಚನಕಾರರು ಬರೆದ ಕೃತಿಗಳ ಬಗ್ಗೆ ಈ ಅಂಕಣದಲ್ಲಿ ಹಿಂದೊಮ್ಮೆ ಪ್ರಸ್ತಾಪ ಬಂದಿತ್ತು. ಆ ಬಳಿಕ ಬಂದ ಪತ್ರಗಳಲ್ಲಿ ಕೆಲವನ್ನು ಇಲ್ಲಿ ಎತ್ತಿಕೊಂಡಿದ್ದೇನೆ. ಗೊಂದಲವಾಗದಿರಲೆಂದು ಲೋಹದ, ಕೀಲಿಗಳಿರುವ ವಾದ್ಯವನ್ನು ಫ್ಲೂಟ್ ಎಂದೂ ನಮ್ಮ ಬಿದಿರಿನ ವಾದ್ಯವನ್ನು ಕೊಳಲು ಎಂದೂ ಕರೆಯುತ್ತೇನೆ.

ಪ್ರಶ್ನೆ: ಕೊಳಲು ಒಂಟಿಯಾಗಿ ಕೇಳಬೇಕಾದ ವಾದ್ಯ. ಒಬ್ಬ ವಿದ್ವಾಂಸರು ಒಂದೇ ರಾಗವನ್ನು ಗಂಟೆಗಟ್ಟಲೆ ಬೆಳೆಸಬಲ್ಲರು. ಹನ್ನೊಂದು ಫ್ಲೂಟ್‌ಗಳನ್ನು ಒಟ್ಟಿಗೆ ಊದಿಸಿದರೆ ಸದ್ದು ಹೆಚ್ಚುತ್ತದೆಯೇ ಹೊರತು ಸಂಗೀತ ಹೆಚ್ಚುತ್ತದೆಯೇ? (ಮೈಸೂರಿನ ಓದುಗರು)

ಉತ್ತರ: ಹನ್ನೊಂದು ಮಂದಿಯೂ ಒಂದೇ ಸ್ವರಾವಳಿಯನ್ನು ನುಡಿಸುವುದಾದರೆ ನಿಮ್ಮ ಸಂದೇಹ ಪೂರ್ತಿ ಸರಿ. ಒಳ್ಳೆಯ ರಚನಕಾರರು ಮಾಡುವುದು ಅದನ್ನಲ್ಲ. ಅಮೆರಿಕದ ಸ್ಟೀವ್ ರೈಖ್ ಅವರು ಫ್ಲೂಟ್ ವಾದಕ ರ‍್ಯಾನ್ಸಮ್ ವಿಲ್ಸನ್ ಅವರಿಗಾಗಿ 1982ರಲ್ಲಿ ಬರೆದ ‘ವರ್ಮಾಂಟ್ ಕೌಂಟರ್‌ಪಾಯಿಂಟ್’ ಎಂಬ ಸುಮಾರು ಹತ್ತು ನಿಮಿಷದ ಕೃತಿಯನ್ನೇ ನೋಡಿ. ಅದರಲ್ಲಿ ಮೂರು ಆಲ್ಟೋ ಫ್ಲೂಟ್ (ತುಸು ಕೆಳದನಿಯವು), ಮೂರು ಸಾಮಾನ್ಯ ಫ್ಲೂಟ್, ಮೂರು ಪಿಕ್ಕಲೋ (ಎತ್ತರದ ದನಿಯ ಪುಟ್ಟ ಫ್ಲೂಟ್) ಹಾಗೂ ಒಂದು ಏಕವಾದನದ ಭಾಗ ಮೊದಲೇ ಧ್ವನಿಮುದ್ರಿತವಾಗಿರುತ್ತವೆ. ಹನ್ನೊಂದನೆಯ ಭಾಗವನ್ನು ಕಲಾವಿದರು ವೇದಿಕೆಯ ಮೇಲೆ, ಮೂರು ಅಳತೆಯ ಫ್ಲೂಟ್‌ಗಳನ್ನು ಬದಲಾಯಿಸುತ್ತ ನುಡಿಸುತ್ತಾರೆ. ಧ್ವನಿಮುದ್ರಣವಿಲ್ಲದೆ ಹನ್ನೊಂದು ಮಂದಿ ಎದುರಿಗೇ ಕುಳಿತು ನುಡಿಸುವ ಪದ್ಧತಿಯೂ ಇದೆ.

ಕೃತಿಯ ಕಟ್ಟಡ ಹೀಗಿದೆ. ಒಂದು ಫ್ಲೂಟ್ ಪುಟ್ಟದೊಂದು ಪಲುಕನ್ನು (ಸ್ವರಗುಚ್ಛವನ್ನು) ಬಿಡದೆ ನುಡಿಸುತ್ತಿರುತ್ತದೆ. ಇನ್ನೊಂದು ಫ್ಲೂಟ್ ಅದೇ ಪಲುಕನ್ನು ಬೇರೆ ಎಡುಪಿನಿಂದ, ಅಂದರೆ ಆವರ್ತದ ಬೇರೊಂದು ಜಾಗದಿಂದ, ಎತ್ತಿಕೊಳ್ಳುತ್ತದೆ, ಆದರೆ ಇಡಿಯಾಗಿ ಅಲ್ಲ. ಮೊದಲಿಗೆ ಬಹುಪಾಲು ಮೌನವಿದ್ದು ನಡುವೆ ಒಂದೆರಡು ಸ್ವರಗಳಷ್ಟೇ ಕೇಳುತ್ತವೆ, ಆವರ್ತ ಮರಳಿದಂತೆಲ್ಲ ಒಂದೊಂದು ಮೌನದ ಜಾಗದಲ್ಲಿ ಒಂದೊಂದು ಸ್ವರ ಬಂದು ಕೂರುತ್ತದೆ, ಕೊನೆಗೆ ಪಲುಕು ಪೂರ್ತಿ ತುಂಬಿಕೊಳ್ಳುತ್ತದೆ. ಆಮೇಲೆ ಮೂರನೆಯದು. ಹೀಗೆ ಒಂದರ ಸಂದಿನಲ್ಲಿ ಇನ್ನೊಂದು ಹೆಣೆದುಕೊಂಡಾಗ, ಯಾವ ಒಬ್ಬರ ಸ್ವರಲಿಪಿಯಲ್ಲೂ ಇಲ್ಲದ ಹೊಸದೊಂದು ರಾಗರೇಖೆ ಕಿವಿಗೆ ಕಾಣಿಸಿಕೊಳ್ಳುತ್ತದೆ. ನಮ್ಮ ಹಳ್ಳಿಗಳ ಕೋಲಾಟವನ್ನು ಕಣ್ಣುಮುಚ್ಚಿ ಕೇಳಿದವರಿಗೆ ಇದು ಅಪರಿಚಿತವಲ್ಲ: ಅಲ್ಲಿ ಯಾವ ಒಬ್ಬ ಆಟಗಾರನೂ ಇಡೀ ನಡೆಯನ್ನು ಹೊಡೆಯುವುದಿಲ್ಲ, ಆದರೂ ಇಡೀ ನಡೆ ಕೇಳುತ್ತದೆ. ವೇದಿಕೆಯ ಮೇಲಿನ ಕಲಾವಿದರು ಈ ಹೆಣಿಗೆಯಿಂದ ಹುಟ್ಟಿದ ರೇಖೆಯನ್ನೇ ಎತ್ತಿಕೊಂಡು ನುಡಿಸಿ ನಮಗೆ ತೋರಿಸಿಕೊಡುತ್ತಾರೆ, ಮತ್ತೆ ಅದನ್ನು ಹೆಣಿಗೆಯೊಳಕ್ಕೆ ಬಿಟ್ಟುಬಿಡುತ್ತಾರೆ.

ಇದಕ್ಕೆ ಫ್ಲೂಟ್‌ಗಳೇ ಏಕೆ ಬೇಕು ಎಂಬುದರಲ್ಲಿ ನಿಮ್ಮ ಪ್ರಶ್ನೆಗೆ ನಿಜವಾದ ಉತ್ತರವಿದೆ. ಒಂದು ಪಿಟೀಲು, ಒಂದು ಕ್ಲಾರಿನೆಟ್, ಒಂದು ಫ್ಲೂಟ್ ಹೀಗೆಯೇ ಹೆಣೆದುಕೊಂಡರೆ ಕಿವಿ ನಾದದ ಬಣ್ಣವನ್ನು ಹಿಡಿದು ಮೂರನ್ನೂ ಬಿಡಿಸಿಬಿಡುತ್ತದೆ. ಎಲ್ಲ ದನಿಗಳೂ ಒಂದೇ ಬಣ್ಣದವಾದಾಗ ಯಾವ ಸ್ವರ ಯಾರದೆಂದು ಹೇಳಲು ಬಾರದು, ಆಗ ಅಕ್ಕಪಕ್ಕದ ಸ್ವರಗಳನ್ನು ಕಿವಿ ತಾನೇ ಪೋಣಿಸತೊಡಗುತ್ತದೆ. ಏಕವಾದನದ ಕೊಳಲು ಕೊಡಲಾರದ ಅನುಭವ ಇದು. ಒಂಟಿ ಕೊಳಲಿನ ರಾಗಾಲಾಪನೆಗೆ ಇದು ಬದಲಿಯೂ ಅಲ್ಲ, ಪೈಪೋಟಿಯೂ ಅಲ್ಲ.

ರೈಖ್‌ಗಿಂತ ಅರ್ಧ ಶತಮಾನ ಹಿಂದೆಯೇ, 1931ರಲ್ಲಿ, ಇನ್ನೂ ಹದಿಹರೆಯದಲ್ಲಿದ್ದ ಹೆನ್ರಿ ಬ್ರ್ಯಾಂಟ್ ‘ಏಂಜಲ್ಸ್ ಅಂಡ್ ಡೆವಿಲ್ಸ್’ ಎಂಬ ಕನ್ಚರ್ಟೋ, ಅಂದರೆ ಏಕವಾದಕರು ಮೇಳದೊಡನೆ ನುಡಿಸುವ ಕೃತಿ, ಬರೆದಿದ್ದರು. ಏಕವಾದಕರ ಸುತ್ತ ಮೂರು ಪಿಕ್ಕಲೋ, ಐದು ಫ್ಲೂಟ್, ಎರಡು ಆಲ್ಟೋ ಫ್ಲೂಟ್. ಅಲ್ಲಿಯೂ ಒಟ್ಟು ಹನ್ನೊಂದೇ. ಫ್ಲೂಟ್ ಎಂದರೆ ಮಧುರ, ಸೌಮ್ಯ ಎಂದಷ್ಟೇ ನಂಬಿದವರು ಅದನ್ನು ಕೇಳಬೇಕು. ಹತ್ತು ಫ್ಲೂಟ್‌ಗಳು ಒತ್ತೊತ್ತಾದ ಸ್ವರಗಳಲ್ಲಿ ಏಕವಾದಕರ ಮೇಲೆ ಎರಗುವಾಗ ಹೆಸರಿನಲ್ಲಿರುವ ದೆವ್ವಗಳು ಸುಮ್ಮನೆ ಬಂದುವಲ್ಲ ಎಂದು ತಿಳಿಯುತ್ತದೆ.

ಪ್ರಶ್ನೆ: ಫ್ಲೂಟ್ ಎತ್ತರದ ಸ್ಥಾಯಿಯ ವಾದ್ಯ. ಮೇಳಕ್ಕೆ ಬೇಕಾದ ಮಂದ್ರ ಎಲ್ಲಿಂದ ಬರುತ್ತದೆ? (ದಾವಣಗೆರೆಯ ಓದುಗರು)

ಉತ್ತರ: ಬೇರೆ ಬೇರೆ ಉದ್ದದ ಫ್ಲೂಟ್‌ಗಳಿಂದ. ಇಂದಿನ ಫ್ಲೂಟ್‌ನ ಮೈಕಟ್ಟನ್ನು ಮ್ಯೂನಿಕ್‌ನ ಥಿಯೋಬಾಲ್ಡ್ ಬೋಹ್ಮ್ 1847ರಲ್ಲಿ ರೂಪಿಸಿದರು. ಮುಪ್ಪಿನಲ್ಲಿ ಅವರಿಗೆ ಅತ್ಯಂತ ಪ್ರಿಯವಾದದ್ದು ತಾವೇ ಮಾಡಿದ ಆಲ್ಟೋ ಫ್ಲೂಟ್. ಸಾಮಾನ್ಯ ಫ್ಲೂಟ್‌ನ ಕೆಳತುದಿಯ ಸ್ವರದ ಆವೃತ್ತಿ ಸುಮಾರು 262 ಹರ್ಟ್ಸ್, ಅಂದರೆ ಸೆಕೆಂಡಿಗೆ ಅಷ್ಟು ಕಂಪನ. ಆಲ್ಟೋ ಫ್ಲೂಟ್ 196ಕ್ಕೆ ಇಳಿಯುತ್ತದೆ, ಸಾಮಾನ್ಯ ಫ್ಲೂಟ್‌ಗಿಂತ ಒಂದು ಸ್ಥಾಯಿ ಕೆಳಗಿನ ಬಾಸ್ ಫ್ಲೂಟ್ 131ಕ್ಕೆ, ಎರಡು ಸ್ಥಾಯಿ ಕೆಳಗಿನ ಕಾಂಟ್ರಾಬಾಸ್ ಫ್ಲೂಟ್ 65ಕ್ಕೆ. ಈ ಕೊನೆಯದು ಮಡಿಚಿದ ಉದ್ದನೆಯ ಕೊಳವೆ. ನೆಲಕ್ಕೆ ಊರಿ ನಿಲ್ಲಿಸಿ ನುಡಿಸಬೇಕು. ನೆದರ್ಲೆಂಡ್ಸ್‌ನ ಎವಾ ಕಿಂಗ್ಮಾ ಅವರಂಥ ತಯಾರಕರು ಇಂಥ ಮಂದ್ರ ಫ್ಲೂಟ್‌ಗಳನ್ನು ನಂಬಿಕೆಯಿಂದ ನುಡಿಸಬಹುದಾದ ವಾದ್ಯಗಳನ್ನಾಗಿ ಮಾಡಿದ ಮೇಲೆಯೇ ರಚನಕಾರರಿಗೆ ಆರು ಸ್ಥಾಯಿಗಳಷ್ಟು ಹರವು ಒಂದೇ ನಾದದಲ್ಲಿ ಒದಗಿತು. ಹದಿನೆಂಟು, ಹತ್ತೊಂಬತ್ತನೆಯ ಶತಮಾನಗಳಲ್ಲಿ ಬ್ವಾಮೋರ್ತಿಯೇ ಐದು ಫ್ಲೂಟ್‌ಗಳಿಗೆ, ಕೂಲಾವ್ ನಾಲ್ಕು ಫ್ಲೂಟ್‌ಗಳಿಗೆ ಬರೆದಾಗ ಇದಾವುದೂ ಇರಲಿಲ್ಲ.

ಆದರೆ ಹರವು ಇದ್ದ ಮಾತ್ರಕ್ಕೆ ತೂಕ ಬರುವುದಿಲ್ಲ. ಫ್ಲೂಟ್‌ನ ಸ್ವಭಾವವೇ ಹಾಗೆ, ಕೆಳಗಿಳಿದಷ್ಟೂ ಮೆತ್ತಗೆ, ಮೇಲೇರಿದಷ್ಟೂ ಪ್ರಖರ. ಒಂದು ಪಿಕ್ಕಲೋ ತನ್ನ ಮೇಲಿನ ಸ್ಥಾಯಿಯಲ್ಲಿ ನಿಂತರೆ ನಾಲ್ಕು ಬಾಸ್ ಫ್ಲೂಟ್‌ಗಳನ್ನು ಸುಲಭವಾಗಿ ಮುಚ್ಚಿಬಿಡುತ್ತದೆ. ಇದನ್ನು ಮರೆತು ಬರೆದ ಕೃತಿಗಳು ಬುಡವಿಲ್ಲದ ಮರದಂತೆ ಕೇಳುತ್ತವೆ. ದೊಡ್ಡ ಫ್ಲೂಟ್‌ಗಳು ಉಸಿರನ್ನು ಕುಡಿಯುವ ಪ್ರಮಾಣವೂ ಹೆಚ್ಚು. ಆದ್ದರಿಂದ ದೀರ್ಘವಾದ ಮಂದ್ರ ಸ್ವರವನ್ನು ಇಬ್ಬರು ಮೂವರು ಸರದಿಯಲ್ಲಿ ಉಸಿರೆಳೆದುಕೊಳ್ಳುತ್ತ, ಒಬ್ಬರು ಬಿಟ್ಟಾಗ ಇನ್ನೊಬ್ಬರು ಹಿಡಿದು, ಕಡಿಯದಂತೆ ಉಳಿಸಿಕೊಳ್ಳುತ್ತಾರೆ.

ಪ್ರಶ್ನೆ: ನನ್ನ ಮಗಳು ಇಲ್ಲಿನ ಶಾಲೆಯ ಫ್ಲೂಟ್ ಮೇಳದಲ್ಲಿದ್ದಾಳೆ. ಇಬ್ಬರು ಮೇಲಿನ ಸ್ಥಾಯಿಯಲ್ಲಿ ನುಡಿಸುವಾಗ ಕೆಳಗೆ ಮೂರನೆಯದೊಂದು ಸ್ವರ ಗುಂಯ್‌ಗುಡುತ್ತದೆ, ಅದು ಅಪಶ್ರುತಿಯಾಗಿ ಕೇಳುತ್ತದೆ ಎನ್ನುತ್ತಾಳೆ. ಶ್ರುತಿ ಅಳೆಯುವ ಯಂತ್ರ ಇಟ್ಟು ನೋಡಿದರೆ ಇಬ್ಬರ ಶ್ರುತಿಯೂ ಸರಿಯಾಗಿದೆ. ಇದು ಭ್ರಮೆಯೇ? (ಸಿಂಗಪುರದ ಓದುಗರು)

ಉತ್ತರ: ಭ್ರಮೆಯಲ್ಲ. ನಿಮ್ಮ ಮಗಳ ಕಿವಿ ಚುರುಕಾಗಿದೆ ಎಂದು ಸಂತೋಷಪಡಿ. ಎರಡು ಗಟ್ಟಿಯಾದ ಸ್ವರಗಳು ಒಟ್ಟಿಗೆ ಕಿವಿಯನ್ನು ಹೊಕ್ಕಾಗ ಒಳಗಿವಿಯು ಅವೆರಡರ ಆವೃತ್ತಿಗಳ ವ್ಯತ್ಯಾಸಕ್ಕೆ ಸಮನಾದ ಮೂರನೆಯ ಸ್ವರವೊಂದನ್ನು ತಾನೇ ಹುಟ್ಟಿಸುತ್ತದೆ. ಇದನ್ನು ವ್ಯತ್ಯಾಸ ಸ್ವರ ಎನ್ನಬಹುದು. 1000 ಮತ್ತು 1200 ಹರ್ಟ್ಸ್‌ನ ಸ್ವರಗಳು ಜೊತೆಯಾದರೆ 200 ಹರ್ಟ್ಸ್‌ನ ಗುಂಯ್ ಸದ್ದು ಕೇಳುತ್ತದೆ. ಫ್ಲೂಟ್‌ನ ಮೇಲಿನ ಸ್ಥಾಯಿಯಲ್ಲಿ ಅತಿಸ್ವರಗಳು, ಅಂದರೆ ಮೂಲಸ್ವರದ ಜೊತೆಗೇ ಅದರ ಮೇಲೆ ಹುಟ್ಟುವ ಸೂಕ್ಷ್ಮಸ್ವರಗಳು, ಕಡಮೆ, ಮೂಲಸ್ವರ ಬಹಳ ಪ್ರಬಲ. ಆದ್ದರಿಂದ ಬೇರೆ ವಾದ್ಯಗಳಲ್ಲಿ ಮುಚ್ಚಿಹೋಗುವ ಈ ಸ್ವರ ಎರಡು ಫ್ಲೂಟ್‌ಗಳ ನಡುವೆ ಎದ್ದು ಕೇಳುತ್ತದೆ.

ಇನ್ನು ಅಪಶ್ರುತಿಯ ವಿಷಯ. ಯಂತ್ರ ತೋರಿಸುವುದು ಸ್ಥಾಯಿಯನ್ನು ಹನ್ನೆರಡು ಸಮಪಾಲು ಮಾಡಿದ ಪಿಯಾನೋ ಶ್ರುತಿಯನ್ನು. ಅದರಲ್ಲಿ ಷಡ್ಜವನ್ನು 2093 ಹರ್ಟ್ಸ್‌ನಲ್ಲಿ ಇಟ್ಟರೆ ಅಂತರ ಗಾಂಧಾರ 2637ಕ್ಕೆ ಬರುತ್ತದೆ. ವ್ಯತ್ಯಾಸ 544. ಆದರೆ ಎರಡು ಸ್ಥಾಯಿ ಕೆಳಗಿನ ಷಡ್ಜ ಇರುವುದು 523ರಲ್ಲಿ. ಅಂದರೆ ಯಂತ್ರದ ಪ್ರಕಾರ ಇಬ್ಬರೂ ಸರಿಯಾಗಿದ್ದಾಗಲೇ ಅವರ ಕೆಳಗೆ ಹುಟ್ಟುವ ಸ್ವರ ಷಡ್ಜಕ್ಕಿಂತ ಅರ್ಧ ಸ್ವರದ ಸುಮಾರು ಮೂರನೆಯ ಎರಡು ಪಾಲಿನಷ್ಟು ಮೇಲಕ್ಕೆ ಸರಿದಿರುತ್ತದೆ. ಗಾಂಧಾರ ನುಡಿಸುವವರು ತುಸು ಇಳಿದು 2616ರ ಬಳಿ, ಅಂದರೆ ಷಡ್ಜದ ಐದು ನಾಲ್ಕಾಂಶದಲ್ಲಿ ನಿಂತರೆ, ವ್ಯತ್ಯಾಸ ಸರಿಯಾಗಿ 523 ಆಗುತ್ತದೆ ಮತ್ತು ಆ ಮೂರನೆಯ ಸ್ವರ ಕೂಡಲೇ ಶುದ್ಧವಾಗಿ ನೆಲೆ ನಿಲ್ಲುತ್ತದೆ. ಈ ಐದು ನಾಲ್ಕಾಂಶದ ಗಾಂಧಾರ ಕನ್ನಡದ ಕಿವಿಗೆ ಹೊಸದೇನಲ್ಲ. ಚೆನ್ನಾಗಿ ಶ್ರುತಿ ಮಾಡಿದ ತಂಬೂರಿಯಲ್ಲಿ ಯಾರೂ ಮೀಟದೆ ಕೇಳಿಬರುವ ಸ್ವಯಂಭೂ ಗಾಂಧಾರ ಅದೇ. ಅಲ್ಲಿ ಯಾರೂ ಮೀಟದ ಗಾಂಧಾರ ತಂತಿಯ ಕಂಪನದೊಳಗೇ ಇರುತ್ತದೆ, ಇಲ್ಲಿ ಯಾರೂ ಊದದ ಕೆಳಗಿನ ಷಡ್ಜ ಕೇಳುವವರ ಕಿವಿಯೊಳಗೆ ಹುಟ್ಟುತ್ತದೆ; ಕಾರಣ ಬೇರೆಯಾದರೂ ಎರಡೂ ಕಡೆ ಶ್ರುತಿಶುದ್ಧಿಗೆ ಯಾರೂ ನುಡಿಸದ ಆ ಸ್ವರವೇ ಸಾಕ್ಷಿ. ಮಗಳಿಗೆ ಯಂತ್ರವನ್ನು ಬದಿಗಿಟ್ಟು ಆ ಕೆಳಗಿನ ಸ್ವರವನ್ನು ಕೇಳುತ್ತ ಶ್ರುತಿ ಸೇರಿಸಲು ಹೇಳಿ. ಮನೆಯಲ್ಲಿ ತಂಬೂರಿಯಿದ್ದರೆ ಅದನ್ನೂ ಮೀಟಿ ಕೇಳಿಸಿ.

ಜೊತೆಗೆ ಒಂದು ಎಚ್ಚರ. ಕೊಳವೆಯೊಳಗಿನ ಗಾಳಿ ಒಂದು ಡಿಗ್ರಿ ಸೆಲ್ಸಿಯಸ್ ಬಿಸಿಯಾದರೆ ಶ್ರುತಿ ಸುಮಾರು ಮೂರು ಸೆಂಟ್, ಅಂದರೆ ಅರ್ಧ ಸ್ವರದ ನೂರರಲ್ಲಿ ಮೂರು ಪಾಲು, ಏರುತ್ತದೆ. ಪಿಕ್ಕಲೋ ಬೇಗ ಬಿಸಿಯಾಗುತ್ತದೆ, ಬಾಸ್ ಫ್ಲೂಟ್ ನಿಧಾನ. ಅದರಲ್ಲೂ ತಂಪು ಯಂತ್ರ ಓಡುವ ಕೋಣೆಯಲ್ಲಿ ಮೊದಲ ಕಾಲು ಗಂಟೆ ಶ್ರುತಿಯ ಬಗ್ಗೆ ಮಕ್ಕಳನ್ನು ಗದರಿಸುವುದು ನ್ಯಾಯವಲ್ಲ.

ಪ್ರಶ್ನೆ: ನೂರು ಫ್ಲೂಟ್ ವಾದಕರು ಸಭಿಕರ ನಡುವೆ ನಡೆದುಹೋಗುವ ಕೃತಿಯೊಂದಿದೆ ಎಂದು ಬರೆದಿದ್ದಿರಿ. ಅದು ಸಂಗೀತವೋ ಮೆರವಣಿಗೆಯೋ? (ಧಾರವಾಡದ ಓದುಗರು)

ಉತ್ತರ: ಸಿಸಿಲಿಯ ಪಲೆರ್ಮೋದಲ್ಲಿ 1947ರಲ್ಲಿ ಹುಟ್ಟಿದ ಸಾಲ್ವತೋರೆ ಶಾರ‍್ರೀನೋ ಅವರ ‘ಇಲ್ ಚೆರ್ಕಿಯೋ ತಾಲ್ಯಾತೋ ದೇಯಿ ಸುವೋನಿ’ ಎಂಬ 1997ರ ಕೃತಿ ಅದು, ‘ಸದ್ದುಗಳ ತುಂಡರಿಸಿದ ವೃತ್ತ’ ಎಂದು ಹೆಸರನ್ನು ಕನ್ನಡಿಸಬಹುದು. ನಾಲ್ವರು ನುರಿತ ವಾದಕರು ಸಭಿಕರ ಸುತ್ತ ನಾಲ್ಕು ಕಡೆ ನಿಂತು ಒಬ್ಬರಿಂದ ಒಬ್ಬರಿಗೆ ಸದ್ದನ್ನು ದಾಟಿಸುತ್ತ ವೃತ್ತವನ್ನು ಕಟ್ಟುತ್ತಾರೆ. ರಚನಕಾರರು ‘ವಲಸಿಗರು’ ಎಂದು ಕರೆಯುವ ನೂರು ಮಂದಿ ಆ ವೃತ್ತವನ್ನು ಕತ್ತರಿಸಿಕೊಂಡು ಹಾದುಹೋಗುತ್ತಾರೆ.

ಮೆರವಣಿಗೆ ಎಂಬ ನಿಮ್ಮ ಮಾತನ್ನು ನಾನು ತಳ್ಳಿಹಾಕುವುದಿಲ್ಲ, ಏಕೆಂದರೆ ನಡಿಗೆ ಈ ಕೃತಿಯ ಒಡಲಲ್ಲೇ ಇದೆ. ಆದರೆ ಮೆರವಣಿಗೆಯಲ್ಲಿ ನಾವು ಸದ್ದಿನ ಅಬ್ಬರವನ್ನು ನಿರೀಕ್ಷಿಸುತ್ತೇವೆ. ಶಾರ‍್ರೀನೋ ಅವರ ಫ್ಲೂಟ್ ಭಾಷೆಯಲ್ಲಿ ತುಂಬುಸ್ವರಕ್ಕಿಂತ ಉಸಿರಿಗೆ, ಕೀಲಿಗಳ ಮೆಲುವಾದ ಟಕಟಕಕ್ಕೆ, ಸ್ವರವಾಗುವ ಮೊದಲೇ ಕರಗುವ ಸುಯ್ಲಿಗೆ ಹೆಚ್ಚು ಜಾಗ. ನೂರು ಫ್ಲೂಟ್‌ಗಳು ಅಷ್ಟು ಮೆತ್ತಗೆ ಉಸಿರಾಡುವಾಗ ಅದು ಒಬ್ಬೊಬ್ಬರ ಉಸಿರಾಗಿ ಕೇಳದೆ ಬಿದಿರು ಮೆಳೆಯೊಳಗೆ ಗಾಳಿ ಹೊಕ್ಕಂತೆ ಕೇಳುತ್ತದೆ, ಮತ್ತು ಆ ಗಾಳಿ ನಿಮ್ಮ ಭುಜದ ಪಕ್ಕದಲ್ಲೇ ಹಾದುಹೋಗುತ್ತದೆ. ನೂರು ಜನ ವೃತ್ತಿಪರರೇ ಆಗಬೇಕಿಲ್ಲ, ವಿದ್ಯಾರ್ಥಿಗಳೂ ಹವ್ಯಾಸಿಗಳೂ ಸೇರುತ್ತಾರೆ. 2012ರಲ್ಲಿ ನ್ಯೂಯಾರ್ಕಿನ ಗುಗೆನ್‌ಹೈಮ್ ಮ್ಯೂಸಿಯಂನ ಸುರುಳಿ ಕಟ್ಟಡದೊಳಗೆ ಇದನ್ನು ನುಡಿಸಿದ್ದರು. ಕೃತಿಗೆ ಅದಕ್ಕಿಂತ ಒಪ್ಪುವ ಮನೆಯನ್ನು ಊಹಿಸಿಕೊಳ್ಳುವುದು ಕಷ್ಟ. ಧ್ವನಿಮುದ್ರಣದಲ್ಲಿ ಇದರ ಅರ್ಧ ಕಳೆದುಹೋಗುತ್ತದೆ ಎಂಬುದನ್ನೂ ಒಪ್ಪಿಕೊಳ್ಳಬೇಕು, ಏಕೆಂದರೆ ಎರಡು ಸ್ಪೀಕರ್‌ಗಳು ನಿಮ್ಮ ಬೆನ್ನ ಹಿಂದೆ ನಡೆಯಲಾರವು.

ಪ್ರಶ್ನೆ: ಬಿದಿರಿನ ಕೊಳಲುಗಳಲ್ಲಿ ಇಂಥದ್ದನ್ನು ಮಾಡಲು ಸಾಧ್ಯವಿಲ್ಲವೇ? (ಉಡುಪಿಯ ಓದುಗರು)

ಉತ್ತರ: ಸಾಧ್ಯವಿದೆ. ಆದರೆ ಮೊದಲ ಅಡ್ಡಿ ಬಿದಿರಿನದಲ್ಲ, ಬರವಣಿಗೆಯದು. ವಾದ್ಯವೃಂದಕ್ಕೆ ರಚಿಸುವ ಅನುಭವ ನಮ್ಮಲ್ಲಿ ಇರಲಿಲ್ಲವೆಂದಲ್ಲ. ಬಾನ್ಸುರಿಯ (ಹಿಂದೂಸ್ತಾನಿ ಸಂಗೀತದ ಬಿದಿರಿನ ಕೊಳಲಿನ) ಮಹಾನ್ ಕಲಾವಿದ ಪನ್ನಾಲಾಲ್ ಘೋಷ್ ಅವರೇ 1956ರಿಂದ 1960ರಲ್ಲಿ ತೀರಿಕೊಳ್ಳುವವರೆಗೆ ದೆಹಲಿ ಆಕಾಶವಾಣಿಯ ರಾಷ್ಟ್ರೀಯ ವಾದ್ಯವೃಂದವನ್ನು ನಡೆಸಿ, ಅದಕ್ಕಾಗಿ ‘ಕಳಿಂಗ ವಿಜಯ’ದಂಥ ಕೃತಿಗಳನ್ನು ರಚಿಸಿದರು. ಕೊಳಲುಗಳನ್ನಷ್ಟೇ ಸೇರಿಸುವಾಗ ಮಾತ್ರ ನಾವು ಬಹುತೇಕ ಎಲ್ಲರಿಂದಲೂ ಒಂದೇ ಕೀರ್ತನೆಯನ್ನು ಒಟ್ಟಿಗೆ ನುಡಿಸುತ್ತೇವೆ. ಅದು ಮಕ್ಕಳ ಅಭ್ಯಾಸಕ್ಕೆ ಒಳ್ಳೆಯದು, ವಾರ್ಷಿಕೋತ್ಸವಕ್ಕೂ ಶೋಭೆ, ಮೇಳರಚನೆ ಅದಲ್ಲ. ಹತ್ತು ಮಂದಿಯ ಗಮಕಗಳು ಕೂದಲೆಳೆಯಷ್ಟು ಹಿಂದೆಮುಂದಾದರೂ ರಾಗದ ಮುಖ ಮಸುಕಾಗುತ್ತದೆ.

ನನಗೆ ತೋರುವ ದಾರಿ ಇದು: ಒಬ್ಬರು ಮಾತ್ರ ಗಮಕಸಹಿತವಾಗಿ ನುಡಿಸಲಿ, ಉಳಿದವರು ಷಡ್ಜ, ಪಂಚಮ, ಗಾಂಧಾರಗಳನ್ನು ಬೇರೆ ಬೇರೆ ಉದ್ದದ ಕೊಳಲುಗಳಲ್ಲಿ, ಸರದಿ ಉಸಿರಿನಿಂದ ಹಿಡಿದಿರಲಿ, ನಡುನಡುವೆ ಒಂದು ಪಲುಕು ನಾಲ್ಕು ಎಡುಪುಗಳಿಂದ ಹೆಣೆದುಕೊಳ್ಳಲಿ. ಕೀಲಿಗಳಿಲ್ಲದ ಕೊಳಲಿನಲ್ಲಿ ಬೆರಳು ರಂಧ್ರವನ್ನು ಅರೆಬರೆ ಮುಚ್ಚಿ ಗಾಂಧಾರವನ್ನು ಬೇಕಾದಷ್ಟೇ ಇಳಿಸಬಹುದು. ಸಿಂಗಪುರದ ಆ ಹುಡುಗಿ ತುಟಿಯಿಂದ ಹೆಣಗಿ ಸಾಧಿಸಬೇಕಾದ ಶುದ್ಧಿ ಇಲ್ಲಿ ಬೆರಳ ತುದಿಯಲ್ಲೇ ಇದೆ. ನಿಮ್ಮಲ್ಲಿ ನಾಲ್ಕು ಜನ ವಾದಕರಿದ್ದರೆ ಮಾಯಾಮಾಳವಗೌಳ ರಾಗದ ಮೂರೇ ಸ್ವರಗಳಿಂದ ಆರಂಭಿಸಿ ನೋಡಿ.

ಪ್ರಶ್ನೆ: ಯಾವುದರಿಂದ ಕೇಳಲು ಶುರುಮಾಡಲಿ? (ತುಮಕೂರಿನ ಓದುಗರು)

ಉತ್ತರ: ನಾಲ್ಕು ಫ್ಲೂಟ್‌ಗಳಿಗಾಗಿ ಫ್ರಾನ್ಸಿನ ಯೂಜೀನ್ ಬೋಜಾ ಬರೆದ, ಬೆಟ್ಟದ ಮೇಲಿನ ಬೇಸಗೆಯ ದಿನವೊಂದರ ಚಿತ್ರಗಳು ಮೊದಲ ಕೇಳ್ಮೆಗೇ ಒಲಿಯುತ್ತವೆ. ಆಮೇಲೆ ರೈಖ್. ಎರಡು ಫ್ಲೂಟ್‌ಗಳ ಸಾಂದ್ರತೆ ಬೇಕೆನಿಸಿದಾಗ ಜಪಾನಿನ ತೋರು ತಾಕೆಮಿತ್ಸು ಅವರ ‘ಮಾಸ್ಕ್’, ಮೌನದ ಹತ್ತಿರ ಹೋಗಬೇಕೆನಿಸಿದಾಗ ಮಾರ್ಟನ್ ಫೆಲ್ಡ್‌ಮನ್ ಅವರು 1972ರಲ್ಲಿ ಮೂರು ಫ್ಲೂಟ್‌ಗಳಿಗೆ ಬರೆದ ಪುಟ್ಟ ಕೃತಿ. ಬ್ರ್ಯಾಂಟ್ ಮತ್ತು ಶಾರ‍್ರೀನೋ ಕೊನೆಗಿರಲಿ. ಮೊದಲ ಸಲ ಇಯರ್‌ಫೋನ್ ಬೇಡ: ಎಡಗಿವಿಗೆ ಒಂದು ಫ್ಲೂಟ್, ಬಲಗಿವಿಗೆ ಇನ್ನೊಂದು ಎಂದು ಮುದ್ರಣ ಹಂಚಿಹೋಗಿದ್ದರೆ ವ್ಯತ್ಯಾಸ ಸ್ವರ ಹುಟ್ಟುವುದೇ ಇಲ್ಲ, ಏಕೆಂದರೆ ಎರಡೂ ಸ್ವರಗಳು ಒಂದೇ ಕಿವಿಯನ್ನು ಹೊಗಬೇಕು. ಕೋಣೆಯಲ್ಲಿ ಸ್ಪೀಕರ್ ಇಟ್ಟು, ಫ್ಯಾನ್ ಆರಿಸಿ ಕೇಳಿ.