ಹಳೇ ಜೈಲಿನಲ್ಲಿ ನಾಟಕ

ಪ್ರಶ್ನೆ: ನಮ್ಮ ಬಡಾವಣೆಯ ಹವ್ಯಾಸಿ ತಂಡದ ನಾಟಕ ಬೆಂಗಳೂರಿನ ಫ್ರೀಡಂ ಪಾರ್ಕ್‌ ಬಯಲು ರಂಗಮಂದಿರದಲ್ಲಿ ಸಂಜೆ ಆರೂವರೆಗೆ ಇದೆ. ಅತ್ತೆಯವರನ್ನೂ ಹತ್ತು ವರ್ಷದ ಮಗನನ್ನೂ ಕರೆದುಕೊಂಡು ಹೋಗಬೇಕು. ಅದು ಮೊದಲು ಜೈಲಾಗಿತ್ತಂತೆ. ಏನು ನೋಡಬೇಕು, ಎಲ್ಲಿ ಕೂತರೆ ಒಳ್ಳೆಯದು?

ಉತ್ತರ: ಐದು ಗಂಟೆಗೇ ಹೋಗಿ. ಕತ್ತಲಾದರೆ ಉಳಿದಿರುವ ಬ್ಯಾರಕ್‌ಗಳನ್ನು ಸರಿಯಾಗಿ ನೋಡಲಾಗದು. ನಡುವೆ ಕಾವಲು ಗೋಪುರ, ಅದರ ಸುತ್ತ ಬ್ಯಾರಕ್‌ಗಳು: ಒಂದೇ ಕಡೆಯಿಂದ ಎಲ್ಲರ ಮೇಲೂ ಕಣ್ಣಿಡಲೆಂದು ಮಾಡಿದ ಏರ್ಪಾಡು. ಮಗನನ್ನು ಗೋಪುರದ ಬುಡದಲ್ಲಿ ನಿಲ್ಲಿಸಿ ಒಂದು ಸುತ್ತು ತಿರುಗಲು ಹೇಳಿ, ತಾನೇ ತಿಳಿದುಕೊಳ್ಳುತ್ತಾನೆ.

19ನೇ ಶತಮಾನದ ಈ ಸೆಂಟ್ರಲ್ ಜೈಲು 2008ರಲ್ಲಿ ಉದ್ಯಾನವಾಯಿತು. ತುರ್ತುಪರಿಸ್ಥಿತಿಯಲ್ಲಿ ವಾಜಪೇಯಿ, ಅಡ್ವಾಣಿ, ಮಧು ದಂಡವತೆ ಇಲ್ಲಿದ್ದದ್ದು ಬಹಳ ಜನರಿಗೆ ಗೊತ್ತು. ಆದರೆ ನಾಟಕಕ್ಕೆಂದು ಹೋಗುವವರು ಸ್ನೇಹಲತಾ ರೆಡ್ಡಿಯವರನ್ನು ನೆನೆಯಲೇಬೇಕು. ಮದ್ರಾಸ್ ಪ್ಲೇಯರ್ಸ್ ನಾಟಕ ತಂಡ ಕಟ್ಟಿದವರಲ್ಲಿ ಒಬ್ಬರು, ‘ಸಂಸ್ಕಾರ’ ಚಿತ್ರದಲ್ಲಿ ಚಂದ್ರಿಯಾಗಿ ನಟಿಸಿದವರು. 1976ರ ಮೇ ತಿಂಗಳಲ್ಲಿ ಬಂಧಿಸಿ, ವಿಚಾರಣೆಯಿಲ್ಲದೆ ಎಂಟು ತಿಂಗಳು ಇಲ್ಲಿಟ್ಟರು. ಉಬ್ಬಸ ವಿಪರೀತವಾಯಿತು. 1977ರ ಜನವರಿ 15ರಂದು ಪೆರೋಲ್ ಮೇಲೆ ಬಿಟ್ಟರು, 20ರಂದು ತೀರಿಕೊಂಡರು. ಮಗನಿಗೆ ಇದನ್ನು ಮುಚ್ಚಿಡಬೇಡಿ. ಹತ್ತು ವರ್ಷಕ್ಕೆ ಇದು ಅರ್ಥವಾಗುತ್ತದೆ. ಜೈಲು ಎಂದಾಕ್ಷಣ ದೆವ್ವದ ಕಥೆ ಹೇಳಿ ಹೆದರಿಸುವುದು ಮಾತ್ರ ಬೇಡ, ಇಲ್ಲಿ ನೊಂದವರಿಗೆ ಅದು ಅವಮಾನ.

ಇನ್ನು ಕೂರುವ ಜಾಗ. ಬಯಲಿನಲ್ಲಿ ನಟರ ದನಿಯನ್ನು ತಿರುಗಿ ಕಳಿಸಲು ಗೋಡೆಯೂ ಇಲ್ಲ, ಚಾವಣಿಯೂ ಇಲ್ಲ. ದೂರ ಎರಡರಷ್ಟಾದರೆ ದನಿ ಸುಮಾರು 6 ಡೆಸಿಬಲ್ ಇಳಿಯುತ್ತದೆ, ಶೇಷಾದ್ರಿ ರಸ್ತೆಯ ಹಾರ್ನ್ ಸದ್ದು ಉಳಿದದ್ದನ್ನು ನುಂಗುತ್ತದೆ. ಹಾಗಾಗಿ ಎರಡನೆಯ ಅಥವಾ ಮೂರನೆಯ ಸಾಲಿನ ಮಧ್ಯಭಾಗ ಹಿಡಿಯಿರಿ. ಮೆಟ್ಟಿಲ ಮೇಲೆ ಬೆನ್ನಿಗೆ ಆಸರೆಯಿಲ್ಲ. ಅತ್ತೆಯವರಿಗೆ ಪಕ್ಕದಲ್ಲಿ ಒಂದು ಪ್ಲಾಸ್ಟಿಕ್ ಕುರ್ಚಿ ಹಾಕಿಸಲು ತಂಡದವರಿಗೆ ಹಿಂದಿನ ದಿನವೇ ಹೇಳಿಡಿ. ನಿಮಗೆ ನಾಲ್ಕಾಗಿ ಮಡಿಸಿದ ಜಮಖಾನ ಸಾಕು. ಸೊಳ್ಳೆ ಮುಲಾಮನ್ನು ಮನೆಯಲ್ಲೇ ಹಚ್ಚಿಕೊಂಡು ಹೊರಡಿ.

ಮೋಡವಿದ್ದರೆ ಕೊಡೆಗಿಂತ ರೇನ್‌ಕೋಟ್ ಮೇಲು, ಹಿಂದಿನವರಿಗೆ ಅಡ್ಡವಾಗುವುದಿಲ್ಲ. ಹನಿ ಬಿದ್ದರೆ ವಿದ್ಯುತ್ ಅಪಾಯಕ್ಕೆ ಹೆದರಿ ದೀಪ, ಮೈಕು ಆರಿಸಬೇಕಾಗುತ್ತದೆ. ಪ್ರದರ್ಶನ ನಿಂತರೆ ಮುಂದಿನ ದಿನಾಂಕ ಯಾವುದೆಂದು ಮೊದಲೇ ಕೇಳಿಡಿ.

ನಗರದ ಧರಣಿಗಳು ನಡೆಯುವುದೂ ಇದೇ ಪಾರ್ಕಿನಲ್ಲಿ. ಕೆಲಸದ ದಿನವಾದರೆ ಸುತ್ತಲ ರಸ್ತೆ ಕಟ್ಟಿಕೊಂಡಿರಬಹುದು. ಕಾರು ಬಿಟ್ಟು ಮೆಟ್ರೊದಲ್ಲಿ ಮೆಜೆಸ್ಟಿಕ್‌ಗೆ ಬಂದು, ಅಲ್ಲಿಂದ ಅತ್ತೆಯವರಿಗಾಗಿ ಆಟೊ ಮಾಡಿಕೊಳ್ಳಿ.